ಒದ್ದೆ ಗೋಣಿಯ ಆಚೆ

ಹೊಸಕೆರೆಹಳ್ಳಿಯ ಅಕ್ಕಯಮ್ಮನವರ ಮನೆಯಲ್ಲಿ, ಬಾಗಿಲ ಪಕ್ಕದ ಮೊಳೆಗೆ ಒಂದು ಸಣ್ಣ ಕನ್ನಡಿ ತೂಗುತ್ತದೆ. ಅಂಗೈಗಿಂತ ಸ್ವಲ್ಪ ದೊಡ್ಡದು. ಮರದ ಚೌಕಟ್ಟು, ಕೆಳಗಿನ ಮೂಲೆಯಲ್ಲಿ ಗಾಜಿನ ಹಿಂದಿನ ರಸ ಎದ್ದುಹೋಗಿದೆ. ಅದು ಮುಖ ನೋಡಿಕೊಳ್ಳುವ ಕನ್ನಡಿಯಲ್ಲ. ಹದಿನೈದು ವರ್ಷದಿಂದ ಅವರ ಕೆಲಸದ ಸಾಮಾನು.

ಹಳೆಯ ಮನೆಗಳಲ್ಲಿ ಗೋಡೆ ಕೆಡವುವಾಗ, ಗಾರೆ ಕೀಳುವಾಗ ಏಳುವ ಧೂಳು ಮನೆಯ ಉಳಿದ ಭಾಗಕ್ಕೆ ಹರಡದಂತೆ ತಡೆಯುವುದು ಅಕ್ಕಯಮ್ಮನವರ ಕೆಲಸ. ಆ ಕೆಲಸಕ್ಕೆ ಹೆಸರಿಲ್ಲ. ಮೇಸ್ತ್ರಿಗಳ ಲೆಕ್ಕದಲ್ಲಿ ಅವರೂ ಒಬ್ಬ ಹೆಣ್ಣಾಳು. ಬಸವನಗುಡಿ, ಜಯನಗರದ ಗೃಹಿಣಿಯರು ಮಾತ್ರ ‘ಧೂಳಿನ ಅಕ್ಕಯಮ್ಮ’ ಎಂದು ಕರೆಯುತ್ತಾರೆ. ಮನೆ ರಿಪೇರಿಗೆ ಮೇಸ್ತ್ರಿಯನ್ನು ಗೊತ್ತುಮಾಡುವಾಗಲೇ, ‘ಅಕ್ಕಯಮ್ಮ ಬರ್ತಾಳೆ ತಾನೇ?’ ಎಂದು ಕೇಳುತ್ತಿದ್ದ ಕಾಲವೊಂದಿತ್ತು. ಈಗ ಅಷ್ಟಾಗಿ ಕೇಳುವುದಿಲ್ಲ. ಅವರು ಇದ್ದರೂ ಧೂಳು ಬರುತ್ತದೆ ಎಂಬ ದೂರಿದೆ. ದೂರು ನಿಜ.

ಅವರ ಗಂಡ ತಿಮ್ಮರಾಯಪ್ಪ ಗಾರೆ ಕೀಳುವುದರಲ್ಲಿ ಹೆಸರು ಮಾಡಿದ್ದವರು. ಮೂರು ವರ್ಷದ ಹಿಂದೆ, ಅರವತ್ತೈದನೇ ಇಸವಿಯ ಕಾರ್ತಿಕದಲ್ಲಿ, ಎದೆಯಲ್ಲಿ ಧೂಳು ಕೂತು ತೀರಿಕೊಂಡರು. ಊರಿನವರ ಮನೆಗಳನ್ನೆಲ್ಲ ಧೂಳಿನಿಂದ ಕಾಪಾಡಿದ ಹೆಂಗಸಿನ ಗಂಡ ಧೂಳಿನಿಂದಲೇ ಸತ್ತದ್ದು ವಿಧಿ ಎಂದು ನೆರೆಹೊರೆಯವರು ಹೇಳುತ್ತಾರೆ. ಅಕ್ಕಯಮ್ಮ ಹಾಗೆ ಹೇಳುವುದಿಲ್ಲ. ‘ವಿದಿ ಅಲ್ಲ. ನಾನು ಗೋಣಿ ಕಟ್ಟಿದ್ದು’ ಎನ್ನುತ್ತಾರೆ.

ಗೋಣಿ ಕಟ್ಟುವುದು ಶುರುವಾದದ್ದು ಐವತ್ತಮೂರರಲ್ಲಿ, ಬಸವನಗುಡಿಯ ಸತ್ಯಭಾಮಾ ಎಂಬವರ ಮನೆಯಲ್ಲಿ. ಪಡಸಾಲೆಯ ನಡುವಿನ ಗೋಡೆ ತೆಗೆದು ಎರಡು ಕೋಣೆಗಳನ್ನು ಒಂದು ಮಾಡಬೇಕಾಗಿತ್ತು. ತಿಮ್ಮರಾಯಪ್ಪ ಒಳಗೆ ಉಳಿ ಹಿಡಿದಿದ್ದರು. ಅಕ್ಕಯಮ್ಮ ಬಾಂಡ್ಲಿಯಲ್ಲಿ ಮಣ್ಣು ಹೊರುತ್ತಿದ್ದರು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಸತ್ಯಭಾಮಾ ಮೂಗಿಗೆ ಸೆರಗು ಹಿಡಿದು ಬಂದು ನಿಂತರು.

“ಏನೇ ಇದು, ದೇವರ ಪಟದಲ್ಲಿ ದೇವರ ಮುಖಾನೇ ಕಾಣ್ತಿಲ್ಲ! ಉಪ್ಪಿನಕಾಯಿ ಭರಣಿ ಮೇಲೆ ಬೆರಳಲ್ಲಿ ರಂಗೋಲಿ ಹಾಕ್ಬಹುದು. ಧೂಳೇಳದ ಹಾಗೆ ಒಡೀಲಿ ಅಂತ ಹೇಳು ನಿನ್ನ ಗಂಡನಿಗೆ.”

“ಧೂಳೇಳ್ದಂಗೆ ಒಡಿಯಾಕೆ ಅದೇನ್ ಬೆಣ್ಣೆ ಗ್ವಾಡೆನಾ ಅಮ್ಮಾರೆ?”

“ಬಾಯಿ ಮಾತ್ರ ಜೋರು. ಏನಾದ್ರೂ ಮಾಡು.”

ಹಿತ್ತಲಲ್ಲಿ ಇಟ್ಟಿಗೆ ಪುಡಿ ತುಂಬಿ ತಂದಿದ್ದ ಗೋಣಿಗಳಿದ್ದವು. ಅಕ್ಕಯಮ್ಮ ಎರಡನ್ನು ಹೊಲಿಗೆ ಬಿಚ್ಚಿ, ಬಾವಿಕಟ್ಟೆಯ ಮೇಲೆ ಒಗೆದು, ಒದ್ದೆಯಾಗಿಯೇ ಪಡಸಾಲೆಯ ಬಾಗಿಲಿಗೆ ಇಳಿಬಿಟ್ಟರು. ಅರ್ಧ ಗಂಟೆಯಲ್ಲಿ ಗೋಣಿಯ ಒಳಮೈ ಬಿಳಿಯಾಯಿತು, ಹೊರಮೈ ಕಪ್ಪಾಗಿಯೇ ಉಳಿಯಿತು. ಅದನ್ನು ಕಂಡು ಅಡಿಗೆಮನೆ ಬಾಗಿಲಿಗೂ ಕಟ್ಟಲು ಹೋದಾಗ ಸತ್ಯಭಾಮಾ ತಡೆದರು. ಅಲ್ಲಿಗೆ ಗೋಣಿ ಕೂಡದು, ಮಡಿ ಕೆಡುತ್ತದೆ. ತಮ್ಮದೇ ಒಂದು ಹಳೆಯ ಒಂಬತ್ತು ಗಜದ ಸೀರೆಯನ್ನು ಒದ್ದೆ ಮಾಡಿ ಅಡಿಗೆಮನೆಯ ಒಳಗಿನಿಂದ ಅವರೇ ಕಟ್ಟಿದರು. ಹೇಗೆ ಕಟ್ಟಬೇಕೆಂದು ಅಕ್ಕಯಮ್ಮ ಹೊರಗಿನಿಂದ ಹೇಳಿದರು. “ಅಂಚು ನೆಲ ಮುಟ್ಟಬೇಕು ಅಮ್ಮಾರೆ. ಇನ್ನೊಸಿ ಇಳ್ಸಿ. ಬೆಕ್ಕು ನುಗ್ಗೋ ಅಷ್ಟು ಜಾಗ ಬುಟ್ಟಿದೀರಿ.”

ಕೆಲಸ ಮುಗಿದ ದಿನ ಸತ್ಯಭಾಮಾ ದೇವರಮನೆಯ ಗೂಡಿನಲ್ಲಿದ್ದ ಕನ್ನಡಿಯ ಮೇಲೆ ಬೆರಳೆಳೆದು ನೋಡಿದರು. ಗೆರೆ ಮೂಡಲಿಲ್ಲ. ಆ ಕನ್ನಡಿಯನ್ನೇ ಅಕ್ಕಯಮ್ಮನ ಕೈಗೆ ಕೊಟ್ಟರು. ಸುತ್ತಲಿನ ನಾಲ್ಕು ಬೀದಿಗೆ ಸುದ್ದಿ ಹೋಯಿತು.

ಮುಂದಿನ ಎಂಟು ವರ್ಷಗಳಲ್ಲಿ ಅಕ್ಕಯಮ್ಮ ಈ ಕೆಲಸಕ್ಕೆ ಒಂದು ಕ್ರಮ ಹಾಕಿಕೊಂಡರು. ಸಕ್ಕರೆ ಮೂಟೆಯ ಗೋಣಿ ನೇಯ್ಗೆ ಒತ್ತಾದದ್ದು, ಅದೇ ಆಗಬೇಕು. ಆದರೆ ಹೊಸಕೆರೆಯ ನೀರಿನಲ್ಲಿ ಮೂರು ದಿನ ನೆನೆಹಾಕದಿದ್ದರೆ ಧೂಳಿಗೆ ಮುಂಚೆ ಇರುವೆ ಮನೆ ಹೊಗುತ್ತದೆ. ಬಾಗಿಲಿಗೆ ಗೋಣಿ ಎರಡು ಪದರ. ಮೇಲಂಚನ್ನು ಬಿದಿರುದಬ್ಬೆಗೆ ಸುತ್ತಿ ಚೌಕಟ್ಟಿಗೆ ಮೊಳೆ ಹೊಡೆಯಬೇಕು, ಕೆಳಂಚಿನ ಮೇಲೆ ಒದ್ದೆ ಮರಳಿನ ಏರಿ ಕಟ್ಟಬೇಕು. ಬಾಗಿಲ ಸಂದು, ಕಿಟಕಿಯ ಬಿರುಕುಗಳಿಗೆ ಅನ್ನದ ಗಂಜಿಯಲ್ಲಿ ಅದ್ದಿದ ಹಳೆಯ ಪತ್ರಿಕೆ. ಅರ್ಧ ಗಂಟೆಗೊಮ್ಮೆ ಗೋಣಿಯ ನೆತ್ತಿಯಿಂದ ಚೊಂಬಿನಲ್ಲಿ ನೀರು ಇಳಿಸಬೇಕು. ಸಂಜೆ ಗುಡಿಸುವ ಮೊದಲು ನೆಲದ ಮೇಲೆ ನೆನೆಸಿದ ಭತ್ತದ ಹೊಟ್ಟು ಹರಡಬೇಕು. ಬೆಳಿಗ್ಗೆ ಕೆಲಸ ಶುರುವಾಗುವಾಗ ಗೋಣಿಯ ಈಚೆಗೆ, ಮನೆಯವರು ಓಡಾಡುವ ಕಡೆ, ಕನ್ನಡಿ ಇಡುತ್ತಿದ್ದರು. ಸಂಜೆ ಅದರ ಮೇಲೆ ಬೆರಳೆಳೆಯುತ್ತಿದ್ದರು.

ಗೋಣಿಯ ಆಚೆ ತಿಮ್ಮರಾಯಪ್ಪ ಇರುತ್ತಿದ್ದರು. ಮಣ್ಣು ಹೊರುವ ಆಳುಗಳು ಬಾಂಡ್ಲಿ ತುಂಬಿದಾಗಲೆಲ್ಲ ಹೊರಗೆ ಬಂದು ಉಸಿರೆಳೆದು ಹೋಗುತ್ತಿದ್ದರು. ಉಳಿ ಹಿಡಿದವನಿಗೆ ಹಾಗೆ ಬರಲಾಗುವುದಿಲ್ಲ. ಇಟ್ಟಿಗೆಯ ಅಂಚು ಮುರಿಯದಂತೆ ಹಳೆಯ ಗಾರೆಯನ್ನು ಹಪ್ಪಳದ ಹಾಗೆ ಎಬ್ಬಿಸುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ತಿಮ್ಮರಾಯಪ್ಪನವರಿಗೆ ಅದರಲ್ಲಿ ಹೆಮ್ಮೆಯಿತ್ತು, ಉಳಿಯನ್ನು ಇನ್ನೊಬ್ಬರ ಕೈಗೆ ಕೊಡುತ್ತಿರಲಿಲ್ಲ. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ ಎಂದರೆ, “ಮನೆಯೋರು ಕಳ್ಳ ಬಂದ ಅಂತಾರೆ, ಬುಡು” ಎಂದು ನಗುತ್ತಿದ್ದರು. ಗೋಡೆಗೆ ನೀರು ಹಾಕಿ ಕೀಳಬಹುದಾಗಿತ್ತು. ಆದರೆ ಆ ಕಾಲದಲ್ಲಿ ಸಿಮೆಂಟಿಗೆ ಪರ್ಮಿಟ್ಟು ಬೇಕಿತ್ತು. ಕಿತ್ತ ಗಾರೆಯನ್ನು ಜರಡಿ ಹಿಡಿದು ನೆಲದ ಕೆಳಗೆ ತುಂಬಲು ಮನೆಯವರು ಕೂಡಿಡುತ್ತಿದ್ದರು. ಒದ್ದೆ ಗಾರೆ ಜರಡಿಗೆ ಬರುವುದಿಲ್ಲ. ಹಾಗಾಗಿ ಒಣಗೋಡೆಯನ್ನೇ ಕೀಳುತ್ತಿದ್ದರು.

ಧೂಳಿಗೆ ಅವರ ಮನೆಯಲ್ಲಿ ಒಂದೇ ಮದ್ದು, ಬೆಲ್ಲ. ಸಂಜೆ ಕೈಕಾಲು ತೊಳೆದ ಮೇಲೆ ನಿಂಬೆಗಾತ್ರದ ಒಂದು ಉಂಡೆ. ಬೆಲ್ಲ ತಿಂದರೆ ಗಂಟಲಿನ ಧೂಳು ಹೊಟ್ಟೆಗೆ ಜಾರುತ್ತದೆ, ಹೊಟ್ಟೆಗೆ ಹೋದದ್ದು ಮಣ್ಣಿಗೆ ಹೋಗುತ್ತದೆ ಎಂದು ತಿಮ್ಮರಾಯಪ್ಪನವರ ತಾಯಿ ಹೇಳಿಕೊಟ್ಟಿದ್ದರು. ಗಾರೆ ಕೆಲಸದವರೆಲ್ಲ ನಂಬಿದ್ದ ಮಾತು. ಎಂಟು ವರ್ಷ ಅಕ್ಕಯಮ್ಮ ಒಂದು ಸಂಜೆಯೂ ಬೆಲ್ಲ ತಪ್ಪಿಸಲಿಲ್ಲ.

ಗಂಡ ಹೆಂಡತಿಯರ ಹಗಲಿನ ಮಾತೆಲ್ಲ ಆ ಒದ್ದೆ ಗೋಣಿಯ ಮೂಲಕವೇ ನಡೆಯುತ್ತಿತ್ತು.

“ಎಲ್ಲಿಗಂಟ ಬಂತು?” ಇವರು ಹೊರಗಿನಿಂದ ಕೇಳುವರು.

“ಬಾಗ್ಲು ತಲೆಗಂಟ ಬಂತು.”

“ಹೊತ್ತು ಎಷ್ಟಾಗೈತೆ ಗೊತ್ತಾ? ಮುದ್ದೆ ತಣ್ಣಗಾಯ್ತದೆ.”

“ನಂಗೆ ಯಾವ ಹೊತ್ತಮ್ಮೀ? ನೀನು ಸೂರ್ಯಂಗೆ ಗ್ರಹಣ ಹಿಡ್ಸಿದೀಯಲ್ಲ.”

ಬಸವನಗುಡಿಯ ಮನೆಗಳಿಗೆ ಅಗಲವಾದ ಅಂಗಳಗಳಿದ್ದವು. ಮನೆಯೊಳಗಿನ ಬಾಗಿಲಿಗೆ ಗೋಣಿ ಕಟ್ಟಿದರೂ ಹೊರಗಿನ ಕಿಟಕಿಗಳನ್ನು ತೆಗೆದೇ ಇಡುತ್ತಿದ್ದರು. ಧೂಳು ತೆಂಗಿನ ಗರಿಗಳ ಕಡೆಗೆ ಹೋಗುತ್ತಿತ್ತು. ಜಯನಗರದಲ್ಲಿ ಸೈಟುಗಳು ತುಂಬುತ್ತ ಬಂದ ಹಾಗೆ ಆ ಅನುಕೂಲ ಹೋಯಿತು. ಒಬ್ಬರ ಕಿಟಕಿ ಇನ್ನೊಬ್ಬರ ಬಟ್ಟೆ ಒಣಗುವ ತಂತಿಗೆ ಎದುರಾಗಿತ್ತು. ಒಂದೊಂದು ಮನೆಯಲ್ಲಿ ಒಂದು ದಿನ, ಎರಡು ದಿನ ಕಿಟಕಿಗೂ ಗೋಣಿ ಬೀಳತೊಡಗಿತು. ತಿಮ್ಮರಾಯಪ್ಪ ಆಗ ಏನೂ ಹೇಳಿರಲಿಲ್ಲ. ಹೇಳಿದ್ದು ಒಂದೇ ಸಲ.

ಅರವತ್ತೊಂದನೆಯ ಇಸವಿಯ ಏಪ್ರಿಲ್. ಜಯನಗರದಲ್ಲಿ ಸೇತುರಾಮ ಎಂಬ ಬ್ಯಾಂಕ್ ಗುಮಾಸ್ತರ ಮನೆ. ಹನ್ನೊಂದು ವರ್ಷದ ಹಿಂದೆ, ಸಿಮೆಂಟ್ ಸಿಗದ ದಿನಗಳಲ್ಲಿ, ಸುಣ್ಣದ ಗಾರೆಯಲ್ಲಿ ಕಟ್ಟಿಸಿದ್ದು. ಹಿಂದಿನ ದೊಡ್ಡ ಕೋಣೆಯ ನಾಲ್ಕು ಗೋಡೆಗಳ ಗಾರೆಯೂ ತೇವಕ್ಕೆ ಸಡಿಲವಾಗಿತ್ತು; ಎಲ್ಲ ಕಿತ್ತು ಹೊಸದಾಗಿ ಸಿಮೆಂಟ್ ಬಳಿಯಬೇಕಾಗಿತ್ತು. ಸೇತುರಾಮರ ಹೆಂಡತಿ ಕಾತ್ಯಾಯಿನಿಗೆ ಉಬ್ಬಸ. ಒಗ್ಗರಣೆಯ ಹೊಗೆಗೇ ಎದ್ದು ಹೊರಗೆ ಹೋಗುವಂಥ ಉಬ್ಬಸ. ಅಕ್ಕಯಮ್ಮ ಬರುತ್ತಾರೆಂದರೆ ಮಾತ್ರ ಕೆಲಸ ಎಂದು ಸೇತುರಾಮರು ಮೊದಲೇ ಹೇಳಿದ್ದರು.

ಅಕ್ಕಯಮ್ಮ ಕೋಣೆಯ ಬಾಗಿಲಿಗೆ ಎರಡರ ಬದಲು ಮೂರು ಪದರ ಕಟ್ಟಿದರು. ಕೋಣೆಗೆ ಇದ್ದದ್ದು ಅದೊಂದು ಬಾಗಿಲು, ಒಂದು ಕಿಟಕಿ. ಕಿಟಕಿ ತೆಗೆದಿತ್ತು. ಮೊದಲ ದಿನ ಕಾತ್ಯಾಯಿನಿ ಪಡಸಾಲೆಯಲ್ಲೇ ಕೂತು ತರಕಾರಿ ಹೆಚ್ಚಿದರು, ಒಂದು ಸಲವೂ ಕೆಮ್ಮಲಿಲ್ಲ. “ನೀನು ಡಾಕ್ಟ್ರು ಕಣೇ ಅಕ್ಕಯಮ್ಮ” ಎಂದರು.

ಎರಡನೆಯ ದಿನ ಹತ್ತು ಗಂಟೆಗೆ ಕಾಂಪೌಂಡಿನ ಆಚೆಯಿಂದ ಕೂಗು ಕೇಳಿಸಿತು. ಪಕ್ಕದ ಮನೆಯ ಸೀತಮ್ಮ. ವೈಶಾಖದಲ್ಲಿ ಮಗಳ ಮದುವೆ. ಅಂಗಳದ ತುಂಬ ಮಂಚಗಳ ಮೇಲೆ, ಚಾಪೆಗಳ ಮೇಲೆ, ಹಳೆಯ ಪಂಚೆಗಳ ಮೇಲೆ ಅರಳುಸಂಡಿಗೆ ಒಣಹಾಕಿದ್ದರು. ಸೇತುರಾಮರ ಮನೆಯ ಕಿಟಕಿ ನೇರವಾಗಿ ಅದರ ಮೇಲೆ ತೆರೆದಿತ್ತು.

“ಅಕ್ಕಯಮ್ಮ ಅಂದ್ರೆ ನೀನೇ ಏನಮ್ಮಾ? ಧೂಳೇ ಬರದ ಹಾಗೆ ಕೆಲಸ ಮಾಡಿಸ್ತಾಳೆ ಅಂತ ಊರೆಲ್ಲ ಹೊಗಳ್ತಾರಲ್ಲ, ಬಾ, ಬಂದು ನೋಡು. ನಾನು ಹಾಕಿದ್ದು ಅರಳುಸಂಡಿಗೆ. ನಿನ್ನ ಗಂಡ ಅದನ್ನ ಗಾರೆಸಂಡಿಗೆ ಮಾಡಿದಾನೆ!”

“ಒಸಿ ಒಳಗಡೆ ಎತ್ತಿಟ್ಕೊಳ್ಳಿ ಅಮ್ಮಾರೆ, ನಾಕು ದಿನ.”

“ಒಳಗೆ ಒಣಗುತ್ತೇನೇ ಸಂಡಿಗೆ? ಬೀಗರ ಎಲೆಗೆ ಬಡಿಸಿ ಹಲ್ಲು ಮುರಿಸಲಾ? ಹೆಸರು ಮಾತ್ರ ದೊಡ್ಡದು ನಿಂದು.”

ಕೊನೆಯ ಮಾತು ತಾಗಿತು ಎಂದು ಅಕ್ಕಯಮ್ಮ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಎಂಟು ವರ್ಷದಲ್ಲಿ ಅವರ ಕೆಲಸದ ಮೇಲೆ ಯಾರೂ ಬೆರಳು ತೋರಿಸಿರಲಿಲ್ಲ. ಅವರು ಒಳಗೆ ಹೋಗಿ ಉಳಿದಿದ್ದ ಎರಡು ಗೋಣಿಗಳನ್ನು ನೆನೆಸಿ, ಹೊರಗಡೆಯಿಂದ ಕಿಟಕಿಗೂ ಹೊಡೆದರು. ಸಂದುಗಳಿಗೆ ಗಂಜಿಕಾಗದ ಮೆತ್ತಿದರು. ಒಳಗೆ ಉಳಿಯ ಸದ್ದು ನಿಂತಿತು.

“ಏನಮ್ಮೀ, ಕತ್ಲಾಗೋಯ್ತು?”

“ಪಕ್ಕದ್ ಮನೇಲಿ ಸಂಡಿಗೆ ಹಾಕವ್ರೆ. ಒಂದ್ ಲಾಟೀನು ಕೊಡಿಸ್ತೀನಿ.”

“ಲಾಟೀನು ಸರಿ. ಗಾಳಿ ಎಲ್ಲಿಂದ ಕೊಡಿಸ್ತೀಯ? ಆ ಕಿಟ್ಕಿ ಒಂದು ಬುಡೇ.”

“ತಡ್ಕೋ ಒಸಿ. ಸಂಜೆ ಸಂಡಿಗೆ ಎತ್ತಿದ್ ಮ್ಯಾಲೆ ತೆಗಿತೀನಿ.”

ಗೋಣಿಯ ಆಚೆಯಿಂದ, “ಆಗ್ಲಿ, ಬೀಗ್ರು ತಿಂಬಲಿ” ಎಂದು ನಕ್ಕ ಸದ್ದು ಬಂತು. ಉಳಿ ಮತ್ತೆ ಶುರುವಾಯಿತು.

ಸಂಜೆ ಸೀತಮ್ಮ ಸಂಡಿಗೆ ಎತ್ತುವ ಹೊತ್ತಿಗೆ ಕೆಲಸವೂ ನಿಲ್ಲುತ್ತಿತ್ತು. ಬೆಳಿಗ್ಗೆ ಉಳಿ ಹಿಡಿಯುವ ಮೊದಲೇ ಅಂಗಳದಲ್ಲಿ ಚಾಪೆ ಬಿಚ್ಚುತ್ತಿದ್ದರು. ತೆಗೆಯುತ್ತೇನೆ ಎಂದ ಕಿಟಕಿಯನ್ನು ಕೆಲಸದ ಹೊತ್ತಿನಲ್ಲಿ ತೆಗೆಯುವ ಸಂದರ್ಭವೇ ಬರಲಿಲ್ಲ. ಮದುವೆಯ ಸಂಡಿಗೆ ಮುಗಿಯಲು ಹನ್ನೊಂದು ದಿನ ಹಿಡಿಯಿತು. ಗಾರೆಯೂ ಹನ್ನೊಂದು ದಿನ ಹಿಡಿಯಿತು. ತಿಮ್ಮರಾಯಪ್ಪ ಎರಡನೆಯ ಸಲ ಕೇಳಲಿಲ್ಲ.

ಐದನೆಯ ದಿನವೋ ಆರನೆಯ ದಿನವೋ, ‘ಎಲ್ಲಿಗಂಟ ಬಂತು?’ ಎಂದಾಗ ಒಳಗಿನಿಂದ ಮಾತಿನ ಬದಲು ಸುತ್ತಿಗೆಯಿಂದ ಗೋಡೆಗೆ ಎರಡು ಸಲ ತಟ್ಟಿದ ಸದ್ದು ಬಂತು. ಬಾಯಿ ತೆರೆದರೆ ಧೂಳು ತುಂಬುತ್ತಿತ್ತು ಎಂದು ಈಗ ಅರ್ಥವಾಗುತ್ತದೆ. ಆಗ ಅದು ತಮಾಷೆಯಾಗಿ ಕಂಡಿತು. ಊಟಕ್ಕೆ ಬಾ ಎಂದರೆ ಎರಡು ತಟ್ಟು, ನೀರು ಬೇಕಾ ಎಂದರೆ ಒಂದು. ಸೇತುರಾಮರು ಭಾನುವಾರ ಪಡಸಾಲೆಯಲ್ಲಿ ಕೂತು ಇದನ್ನು ಕೇಳಿ, “ನಮ್ಮನೇಲಿ ತಂತಿ ಆಫೀಸು ತೆಗೆದಿದಾರಲ್ಲೇ!” ಎಂದು ನಕ್ಕರು. ಕಾತ್ಯಾಯಿನಿಯೂ ನಕ್ಕರು. ಅಕ್ಕಯಮ್ಮನೂ ನಕ್ಕರು. ಕಾತ್ಯಾಯಿನಿಗೆ ಆ ಹನ್ನೊಂದು ದಿನವೂ ಉಬ್ಬಸ ಬರಲಿಲ್ಲ. ಹನ್ನೊಂದು ಸಂಜೆಯೂ ಕನ್ನಡಿಯ ಮೇಲೆ ಗೆರೆ ಮೂಡಲಿಲ್ಲ.

“ಕನ್ನಡೀನ ಒಂದು ದಿನಾನಾದ್ರೂ ಒಳಗಡೆ ಇಟ್ಟು ನೋಡ್ಬೇಕು ಅಂತ ನಂಗೆ ಹೊಳೀಲೇ ಇಲ್ಲ ನೋಡಿ” ಎಂದು ಅಕ್ಕಯಮ್ಮ ಹೇಳುತ್ತಾರೆ.

ಕೆಲಸ ಮುಗಿದ ದಿನ ಸೀತಮ್ಮ ಕಾಂಪೌಂಡಿನ ಮೇಲಿಂದ ಒಂದು ಮುಚ್ಚಳದ ಡಬ್ಬಿ ಚಾಚಿದರು. ಬೈದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ ಎಂದರು. ಡಬ್ಬಿಯ ತುಂಬ ಅರಳುಸಂಡಿಗೆ. ಆ ರಾತ್ರಿಯ ಊಟಕ್ಕೆ ಅಕ್ಕಯಮ್ಮ ಅದನ್ನು ಕರಿದರು. ತಿಮ್ಮರಾಯಪ್ಪ ಎರಡು ತಿಂದು, ಮೂರನೆಯದನ್ನು ಬೆಳಕಿಗೆ ಹಿಡಿದು ನೋಡಿದರು. “ಹಲ್ಲಿಗೆ ಒಂದು ಹರಳೂ ಸಿಗ್ಲಿಲ್ಲವಲ್ಲಮ್ಮೀ. ಗಟ್ಟಿಗಾತಿ ನೀನು” ಎಂದರು. ಆಮೇಲೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಬೆಲ್ಲ ತಿಂದರು.

ಆ ಕೆಮ್ಮು ಅಂದು ಹೊಸದಾಗಿ ಬಂದದ್ದಲ್ಲ; ಎರಡು ವರ್ಷದಿಂದ ಚಳಿಗಾಲದಲ್ಲಿ ಬಂದು ಹೋಗುತ್ತಿತ್ತು. ಆ ಬೇಸಿಗೆಯ ನಂತರ ಹೋಗಲಿಲ್ಲ. ಅರವತ್ತೆರಡರಲ್ಲಿ ಕತ್ರಿಗುಪ್ಪೆಯ ಏರು ಹತ್ತುವಾಗ ಅವರು ಒಂದು ಸಲ ಕೂರುತ್ತಿದ್ದರು. ಅರವತ್ತಮೂರರಲ್ಲಿ ಮೂರು ಸಲ. ಉಳಿ ಹಿಡಿದ ಕೈ ಮೊದಲಿನಂತೆಯೇ ಇತ್ತು. ಉಸಿರು ಮಾತ್ರ ಮೊದಲಿನಂತಿರಲಿಲ್ಲ. ಆ ವರ್ಷ ದಸರಾ ಕಳೆದ ಮೇಲೆ ಅಕ್ಕಯಮ್ಮ ಅವರನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಕ್ಷಯ ಇರಬಹುದೆಂದು ಕಫ ಪರೀಕ್ಷೆ ಮಾಡಿದರು. ಮೂರು ಸಲ ಮಾಡಿದರೂ ಕ್ಷಯ ಸಿಗಲಿಲ್ಲ. ಎಕ್ಸ್-ರೇ ತೆಗೆದರು. ವಯಸ್ಸಾದ ಒಬ್ಬ ಡಾಕ್ಟರು ಆ ಫಿಲಮ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಎದೆಗೂಡಿನ ಎರಡೂ ಕಡೆ ಅಕ್ಕಿನುಚ್ಚು ಎರಚಿದ ಹಾಗೆ ಬಿಳಿ ಚುಕ್ಕೆಗಳಿದ್ದವು ಎಂದು ಅಕ್ಕಯಮ್ಮ ನೆನೆಯುತ್ತಾರೆ.

“ಏನ್ ಕೆಲಸ ನಿಂದು?” ಡಾಕ್ಟರು ಕೇಳಿದರು.

“ಗಾರೆ ಕೀಳೋದು ಸ್ವಾಮಿ.”

“ಎಷ್ಟು ವರ್ಷದಿಂದ?”

“ಇಪ್ಪತ್ತೈದಾಗಿರ್ಬೋದು.”

“ಇದು ಧೂಳು. ಎದೆಯೊಳಗೇ ಕೂತಿದೆ. ತೆಗೆಯೋ ಔಷಧಿ ಇಲ್ಲಪ್ಪಾ. ಇನ್ನು ಆ ಕೆಲಸಕ್ಕೆ ಹೋಗ್ಬೇಡ.” ಡಾಕ್ಟರು ಚೀಟಿ ಬರೆಯುತ್ತ ತಲೆಯೆತ್ತದೆ ಇನ್ನೊಂದು ಪ್ರಶ್ನೆ ಕೇಳಿದರು. “ಕೆಲಸ ಮಾಡೋ ಜಾಗದಲ್ಲಿ ಗಾಳಿ ಆಡ್ತಿತ್ತೋ, ಇಲ್ಲ ಮುಚ್ಚಿರ್ತಿತ್ತೋ?”

ಅಕ್ಕಯಮ್ಮ ಬಾಯಿ ತೆರೆಯುವ ಮೊದಲೇ ತಿಮ್ಮರಾಯಪ್ಪ ಉತ್ತರ ಕೊಟ್ಟರು. “ಕಿಟ್ಕಿ ತೆಗ್ದೇ ಇರ್ತಿತ್ತು ಸ್ವಾಮಿ. ಒಳ್ಳೆ ಗಾಳಿ.”

ಡಾಕ್ಟರು ತಲೆಯಾಡಿಸಿ ಬರೆದುಕೊಂಡರು. ಅಕ್ಕಯಮ್ಮ ಕೈಚಾಚಿ ಚೀಟಿ ತೆಗೆದುಕೊಂಡರು.

ಬಸ್ಸಿನಲ್ಲಿ ತಿಮ್ಮರಾಯಪ್ಪ ಕಿಟಕಿಯ ಪಕ್ಕ ಕೂತು ನಿದ್ದೆ ಹೋದರು. ಅವರು ಹಾಗೆ ಏಕೆ ಹೇಳಿದರು ಎಂದು ಅಕ್ಕಯಮ್ಮನಿಗೆ ಆಗಲೇ ಗೊತ್ತಿತ್ತು. ಗೊತ್ತಿದೆ ಎಂದು ಅವರಿಗೆ ಹೇಳಲಿಲ್ಲ. ಅಂದು ಹೇಳದೆ ಇದ್ದದ್ದನ್ನು ಮಾರನೆಯ ದಿನ ಹೇಳುವುದು ಕಷ್ಟವಾಯಿತು; ವಾರ ಕಳೆದ ಮೇಲೆ ಆಗಲೇ ಇಲ್ಲ. ಸೇತುರಾಮರ ಮನೆಯ ಕಿಟಕಿಯ ಮಾತನ್ನು ಇಬ್ಬರಲ್ಲಿ ಯಾರೂ ಎತ್ತದೆಯೇ ಎರಡು ವರ್ಷ ಕಳೆಯಿತು.

ಆ ಎರಡು ವರ್ಷ ತಿಮ್ಮರಾಯಪ್ಪ ಜಗುಲಿಯ ಮೇಲೆ ಕೂತಿರುತ್ತಿದ್ದರು. ಕೆರೆಯ ಕಡೆಯಿಂದ ಗಾಳಿ ಬಂದರೆ ಮುಖ ಆ ಕಡೆ ತಿರುಗಿಸುವರು. ಬೇಸಿಗೆಯಲ್ಲಿ ಇಟ್ಟಿಗೆ ಗಾಡಿಗಳು ಮನೆಯ ಮುಂದೆಯೇ ಹಾದುಹೋಗುತ್ತಿದ್ದವು. ದಾರಿಯ ಮಣ್ಣು ಎದ್ದು ಜಗುಲಿಗೆ ಬರುತ್ತಿತ್ತು. ಒಂದು ಬೆಳಿಗ್ಗೆ ಅಕ್ಕಯಮ್ಮ ತಮಗೆ ತಿಳಿದ ವಿದ್ಯೆಯನ್ನೇ ಮಾಡಿದರು. ಕೆಲಸದ ಗೋಣಿಗಳನ್ನು ನೆನೆಸಿ, ಬಿದಿರುದಬ್ಬೆಗೆ ಸುತ್ತಿ, ಜಗುಲಿಯ ಕಂಬದಿಂದ ಕಂಬಕ್ಕೆ ಇಳಿಬಿಟ್ಟರು. ಜಗುಲಿ ತಣ್ಣಗಾಯಿತು. ಧೂಳು ನಿಂತಿತು.

ತಿಮ್ಮರಾಯಪ್ಪ ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದರು. ಆಮೇಲೆ ಕೈಗೆ ಸಿಕ್ಕಿದ ಕಡ್ಡಿಯಿಂದ ಕಂಬಕ್ಕೆ ಎರಡು ಸಲ ತಟ್ಟಿದರು.

ಅಕ್ಕಯಮ್ಮ ಒಳಗಿನಿಂದ ಓಡಿಬಂದರು.

“ಕಟ್ಟಬ್ಯಾಡ ಕಣಮ್ಮೀ. ತೆಗ್ದಾಕು” ಎಂದರು ತಿಮ್ಮರಾಯಪ್ಪ. “ಧೂಳು ಬಂದ್ರೂ ಬರ್ಲಿ. ರೋಡು ಕಾಣ್ತಿರ್ಲಿ.”

ಅದಕ್ಕಿಂತ ಹೆಚ್ಚು ಅವರು ಏನೂ ಹೇಳಲಿಲ್ಲ. ಮುನಿಸಿನಿಂದ ಹೇಳಿದ್ದೂ ಅಲ್ಲ. ಅಕ್ಕಯಮ್ಮ ಗೋಣಿಗಳನ್ನು ಇಳಿಸಿ ಹಿತ್ತಲಿಗೆ ಹಾಕಿದರು. ಅದೇ ಹೊತ್ತಿನಲ್ಲಿ ಕಿಟಕಿಯ ಮಾತು ಆಡಬಹುದಾಗಿತ್ತು. ಗೋಣಿಯ ನೀರು ಮೊಣಕೈಯಿಂದ ಇಳಿಯುತ್ತಿತ್ತು. ಕೈ ಒರೆಸಿಕೊಂಡು ಬಂದು ಹೇಳೋಣ ಎಂದುಕೊಂಡು ಒಳಗೆ ಹೋದರು. ಬರುವಷ್ಟರಲ್ಲಿ ಪಕ್ಕದ ಮನೆಯವರು ಬಂದು ಕೂತಿದ್ದರು. ಕಾರ್ತಿಕದ ಒಂದು ಮಧ್ಯಾಹ್ನ, ಅದೇ ಜಗುಲಿಯಲ್ಲಿ, ತಿಮ್ಮರಾಯಪ್ಪ ಗೋಡೆಗೆ ಒರಗಿ ಕೂತಲ್ಲಿಯೇ ಹೋದರು.

ಒಂದು ಮನೆಯಿಂದ ಹೀಗಾಗುವುದಿಲ್ಲ, ಇಪ್ಪತ್ತೈದು ವರ್ಷದ ಧೂಳು ಅದು ಎಂದು, ಆಮೇಲೊಮ್ಮೆ ಅಕ್ಕಯಮ್ಮ ಒಬ್ಬರೇ ಹೋಗಿ ಕೇಳಿದಾಗ, ಡಾಕ್ಟರು ಹೇಳಿದ್ದರು. ಅಕ್ಕಯಮ್ಮ ಅದನ್ನು ಅಲ್ಲಗಳೆಯುವುದಿಲ್ಲ. “ಇಪ್ಪತ್ತೈದು ವರ್ಸ ನನ್ನ ಏನೂ ಕೇಳಿರಲಿಲ್ಲ ಅವರು. ಕೇಳಿದ್ದು ಆ ಒಂದು ಕಿಟ್ಕಿ” ಎನ್ನುತ್ತಾರೆ.

ಅವರು ಕೆಲಸ ಬಿಟ್ಟಿಲ್ಲ. ಬಿಡುವ ಹಾಗೂ ಇಲ್ಲ. ಕ್ರಮ ಮಾತ್ರ ಬದಲಾಗಿದೆ. ಹಿಂದಿನ ಸಂಜೆಯೇ ಗೋಡೆಗೆ ನೀರು ಎರಚಿಸುತ್ತಾರೆ. ಜರಡಿಗೆ ಬರುವುದಿಲ್ಲ ಎಂದು ಮನೆಯವರು ಗೊಣಗಿದರೆ ಕೇಳಿಸದವರಂತೆ ಇರುತ್ತಾರೆ. ಒಳಗಿನ ಬಾಗಿಲಿಗೆ ಗೋಣಿ ಕಟ್ಟುತ್ತಾರೆ, ಹೊರಗಿನ ಕಿಟಕಿಗೆ ಕಟ್ಟುವುದಿಲ್ಲ. ಉಳಿ ಹಿಡಿದವನ ಮುಖಕ್ಕೆ ಒದ್ದೆ ಬಟ್ಟೆ ಕಡ್ಡಾಯ. ಕನ್ನಡಿಯನ್ನು ಈಗ ಒಳಗಡೆ, ಉಳಿ ಹಿಡಿದವನ ಕಡೆ, ಇಡುತ್ತಾರೆ. ಅದರಲ್ಲಿ ಮುಖ ಕಾಣದಷ್ಟು ಧೂಳು ಕೂತರೆ ಅವನನ್ನು ಹೊರಗೆ ಕರೆದು ಕೂರಿಸುತ್ತಾರೆ. ಹೀಗೆ ಮಾಡಿದರೆ ಕೆಲಸ ಎರಡು ದಿನ ಹೆಚ್ಚು ಹಿಡಿಯುತ್ತದೆ. ನೆರೆಮನೆಯವರು ಜಗಳಕ್ಕೆ ಬರುತ್ತಾರೆ. ಹಲವು ಮನೆಗಳು ಅವರ ಕೈತಪ್ಪಿವೆ. ಸೇತುರಾಮರು ಹೋದ ವರ್ಷ ಮಹಡಿ ಕಟ್ಟಿಸುವಾಗ ಬೇರೆಯವರನ್ನು ಕರೆಸಿದರು.

ಸತ್ಯಭಾಮಾ ಮಾತ್ರ ಅವರನ್ನು ಕೈಬಿಟ್ಟಿಲ್ಲ. ಈ ವರ್ಷ ಮಾಘದಲ್ಲಿ ಅವರ ಮನೆಯ ಬಚ್ಚಲು ಕೋಣೆಯ ಗಾರೆ ಕೀಳಿಸುವಾಗ ಅಕ್ಕಯಮ್ಮನನ್ನೇ ಕರೆಸಿದರು. ಉಳಿ ಹಿಡಿದಿದ್ದವರು ಏಕಾಂತಯ್ಯ ಎಂಬ ಮೇಸ್ತ್ರಿ. ಬಚ್ಚಲಿನ ಕಿಟಕಿ ತೆಗೆದಿತ್ತು. ಹಿತ್ತಲಿನ ತಂತಿಯ ಮೇಲಿದ್ದ ಬಟ್ಟೆಗಳನ್ನು ಬೆಳಿಗ್ಗೆಯೇ ತೆಗೆಸಿದ್ದರು. ಬಾಗಿಲಿಗೆ ಎರಡು ಪದರ ಗೋಣಿ. ಅಡಿಗೆಮನೆಯ ಬಾಗಿಲಿಗೆ, ಈಗಲೂ, ಸತ್ಯಭಾಮಾ ಅವರದೇ ಒಂದು ಹಳೆಯ ಸೀರೆ.

ಹನ್ನೊಂದು ಗಂಟೆಯ ಹೊತ್ತಿಗೆ ಅಕ್ಕಯಮ್ಮ ಗೋಣಿಗೆ ನೀರು ಇಳಿಸುತ್ತ, “ಎಲ್ಲಿಗಂಟ ಬಂತು ಏಕಾಂತಣ್ಣ?” ಎಂದರು.

ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದ ಏಕಾಂತಯ್ಯ ಸುತ್ತಿಗೆಯ ಹಿಡಿಯಿಂದ ಗೋಡೆಗೆ ತಟ್ಟಿದರು. ಎರಡು ಸಲ.

ಅಕ್ಕಯಮ್ಮನ ಕೈಯ ಚೊಂಬು ನೆಲಕ್ಕೆ ಬಿತ್ತು. ಗೋಣಿಯ ಕೆಳಂಚನ್ನು ಮರಳಿನ ಏರಿಯ ಸಮೇತ ಕಿತ್ತು ಮೇಲೆತ್ತಿ ಹಿಡಿದರು. ಒಳಗಿದ್ದ ಧೂಳು ಪಡಸಾಲೆಗೆ ಬಂತು.

“ತಟ್ಟಬ್ಯಾಡ. ಬಟ್ಟೆ ಸರಿಸಿ, ಬಾಯ್ಬಿಟ್ಟು ಹೇಳು.”

“ಏನಾಯ್ತಕ್ಕಾ? ಅರ್ಧ ಆಗೈತೆ, ಅಷ್ಟೇ” ಎಂದರು ಏಕಾಂತಯ್ಯ, ಗಾಬರಿಯಿಂದ.

“ಉಸ್ರಾಟ ಸರಾಗವಾಗೈತಾ?”

“ಐತಕ್ಕಾ.”

“ಇನ್ನೊಂದ್ ಸಲ ಹೇಳು.”

“ಅಕ್ಕಯಮ್ಮ, ಗೋಣಿ ಬಿಡೇ! ದೇವರ ಪಟ ಎಲ್ಲ ಧೂಳಾಯ್ತು!” ಎಂದು ಸತ್ಯಭಾಮಾ ಅಡಿಗೆಮನೆಯ ಸೀರೆಯ ಹಿಂದಿನಿಂದ ಕೂಗಿದರು.

ಅಕ್ಕಯಮ್ಮ ಗೋಣಿಯನ್ನು ಹಾಗೆಯೇ ಎತ್ತಿ ಹಿಡಿದು, ಏಕಾಂತಯ್ಯ ಎರಡನೆಯ ಸಲ ಹೇಳುವುದನ್ನು ಕಾಯುತ್ತ ನಿಂತಿದ್ದರು.